ರ‍್ಯಾಮ್ ಚೀಟಿಯ ಮೇಲಿನ ವೇಗ: ಒಂದು ಅಂಕಿಯ ಚರಿತ್ರೆ

ಕಂಪ್ಯೂಟರಿಗೆ ಹಾಕುವ ರ‍್ಯಾಮ್ ಸ್ಟಿಕ್ಕಿನ ಚೀಟಿಯ ಮೇಲೆ 3200 ಎಂದೋ 6000 ಎಂದೋ ಒಂದು ಅಂಕಿ ಅಚ್ಚಾಗಿರುತ್ತದೆ. ಯಂತ್ರ ಶುರುವಾದ ಮೇಲೆ ತೆರೆಯಲ್ಲಿ ಕಾಣುವ ಅಂಕಿ ಎಷ್ಟೋ ಸಲ ಅದಕ್ಕಿಂತ ಕಡಿಮೆ: 3200 ಇರಬೇಕಾದಲ್ಲಿ 2133, 6000 ಇರಬೇಕಾದಲ್ಲಿ 4800. ಸ್ಟಿಕ್ ಕೆಟ್ಟಿದೆ, ಇಲ್ಲವೇ ಅಂಗಡಿಯಲ್ಲಿ ಮೋಸವಾಗಿದೆ ಎಂಬ ಅನುಮಾನ ಮೊದಲು ಹುಟ್ಟುತ್ತದೆ. ಹೆಚ್ಚಿನ ಸಲ ಎರಡೂ ನಿಜವಲ್ಲ. ಚೀಟಿಯ ಅಂಕಿ ಮೆಮೊರಿ ತಾಳಿಕೊಳ್ಳಬಲ್ಲ ವೇಗದ ಮೇಲ್ಮಿತಿ. ಅದು ನಿಜಕ್ಕೂ ಎಷ್ಟು ವೇಗದಲ್ಲಿ ಓಡಬೇಕೆಂದು ಗೊತ್ತುಮಾಡುವುದು ಪ್ರೊಸೆಸರ್ ಮತ್ತು ಮದರ್‌ಬೋರ್ಡ್. ಬರೆದ ಅಂಕಿಗೂ ಓಡುವ ವೇಗಕ್ಕೂ ನಡುವಿನ ಈ ಅಂತರ ಡಿರ‍್ಯಾಮ್ ಹುಟ್ಟಿದ ಕಾಲದಿಂದಲೂ ಇದೆ. ಒಂದೊಂದು ಕಾಲದಲ್ಲಿ ಅದಕ್ಕೆ ಒಂದೊಂದು ಕಾರಣ. ಅಂಕಿಯ ಅರ್ಥವೂ ಕಾಲಕಾಲಕ್ಕೆ ಬೇರೆ.

ಡಿರ‍್ಯಾಮ್ ಎಂಬ ಇಂದಿನ ಮೆಮೊರಿಯ ಮೂಲ ರಚನೆಯನ್ನು ಐಬಿಎಂ ಸಂಸ್ಥೆಯ ರಾಬರ್ಟ್ ಡೆನ್ನಾರ್ಡ್ 1966ರಲ್ಲಿ ಕಂಡುಕೊಂಡರು. ಪೇಟೆಂಟ್ ಸಿಕ್ಕಿದ್ದು 1968ರಲ್ಲಿ. ಒಂದು ಟ್ರಾನ್ಸಿಸ್ಟರ್, ಒಂದು ಪುಟ್ಟ ಕೆಪಾಸಿಟರ್: ಒಂದು ಬಿಟ್ ಹಿಡಿದಿಡಲು ಇಷ್ಟೇ ಸಾಕು. ಕೆಪಾಸಿಟರಿನಲ್ಲಿ ವಿದ್ಯುದಾವೇಶ ತುಂಬಿದ್ದರೆ ಒಂದು, ಬರಿದಾಗಿದ್ದರೆ ಸೊನ್ನೆ. ಮೆಮೊರಿ ಅಗ್ಗವಾಗಿ ಮನೆಮನೆಗೆ ಬಂದದ್ದು ಈ ಸರಳತೆಯಿಂದ. ಅದರ ಬೆಲೆಯೂ ಆ ಕೋಶದೊಳಗೇ ಇದೆ. ಓದಿದೊಡನೆ ಆವೇಶ ಬರಿದಾಗುತ್ತದೆ. ಓದಿದ್ದನ್ನು ಮತ್ತೆ ಅಲ್ಲೇ ಬರೆಯಬೇಕು, ಆಮೇಲೆ ಮುಂದಿನ ಓದಿಗೆ ತಂತಿಗಳನ್ನು ಹದಕ್ಕೆ ತರಬೇಕು. ಓದದೆ ಬಿಟ್ಟರೂ ತೂತು ಬಿದ್ದ ಕೊಡದ ನೀರಿನಂತೆ ಆವೇಶ ಸೋರಿಹೋಗುತ್ತದೆ, ಹಾಗಾಗಿ ಸೆಕೆಂಡಿಗೆ ಎಷ್ಟೋ ಸಲ ಇಡೀ ಮೆಮೊರಿಯನ್ನು ತುಂಬಿಕೊಡುತ್ತಲೇ ಇರಬೇಕು. 1970ರ ಅಕ್ಟೋಬರಿನಲ್ಲಿ ಇಂಟೆಲ್ ಮಾರುಕಟ್ಟೆಗೆ ತಂದ 1103 ಎಂಬ 1,024 ಬಿಟ್‌ಗಳ ಚಿಪ್ಪಿಗೂ ಈ ಸೋರಿಕೆ ಇತ್ತು. ಇಂದಿನ ಡಿಡಿಆರ್5 ಚಿಪ್ಪಿಗೂ ಇದೆ.

ಆ ಕಾಲದ ಚಿಪ್‌ಗಳ ಮೇಲೆ ವೇಗವನ್ನು ಬರೆಯುತ್ತಿರಲಿಲ್ಲ, ಹಿಡಿಯುವ ಹೊತ್ತನ್ನು ಬರೆಯುತ್ತಿದ್ದರು. ಚಿಪ್ಪಿನ ಹೆಸರಿನ ಕೊನೆಗೆ 15 ಎಂದಿದ್ದರೆ ಕೇಳಿದ ಮಾಹಿತಿ ಕೈಗೆ ಸಿಗಲು 150 ನ್ಯಾನೊಸೆಕೆಂಡ್, 20 ಎಂದಿದ್ದರೆ 200. ಅಂಕಿ ಚಿಕ್ಕದಾದಷ್ಟೂ ಚಿಪ್ ಚುರುಕು. ಇಂದಿನ ಅಂಕಿಗಿಂತ ಅದು ಪ್ರಾಮಾಣಿಕವಾದದ್ದು. ಚಿಪ್ ಏನು ಮಾಡಬಲ್ಲದೋ ಅದನ್ನಷ್ಟೇ ಹೇಳುತ್ತಿತ್ತು, ಯಂತ್ರದ ಓಟದ ಬಗ್ಗೆ ಮಾತು ಕೊಡುತ್ತಿರಲಿಲ್ಲ. ಆದರೂ ಅದು ಅರ್ಧ ಕಥೆ. 1981ರ ಐಬಿಎಂ ಪಿಸಿಯ ಮೆಮೊರಿ ಚಿಪ್ 250 ನ್ಯಾನೊಸೆಕೆಂಡಿನಲ್ಲಿ ಮಾಹಿತಿ ಕೊಡುತ್ತಿತ್ತು. ತಿರುಗಿ ಬರೆದು ಮುಂದಿನ ಓದಿಗೆ ಸಿದ್ಧವಾಗುವ ಹೊತ್ತಿಗೆ 410 ನ್ಯಾನೊಸೆಕೆಂಡ್ ಕಳೆದಿರುತ್ತಿತ್ತು. ಅದರ 8088 ಪ್ರೊಸೆಸರ್ 4.77 ಮೆಗಾಹರ್ಟ್ಸ್‌ನದು, ಮೆಮೊರಿಯನ್ನು ಒಮ್ಮೆ ಮುಟ್ಟಲು ನಾಲ್ಕು ಕ್ಲಾಕ್, ಎಂದರೆ ಸುಮಾರು 838 ನ್ಯಾನೊಸೆಕೆಂಡ್ ತೆಗೆದುಕೊಳ್ಳುತ್ತಿತ್ತು. ಮೆಮೊರಿ ಬೇಗ ಕೆಲಸ ಮುಗಿಸಿ ಪ್ರೊಸೆಸರಿಗಾಗಿ ಕಾಯುತ್ತಿದ್ದ ಕಾಲ ಅದು. 150 ನ್ಯಾನೊಸೆಕೆಂಡಿನ ಚಿಪ್ ಕೂರಿಸಿದರೂ ಆ ಯಂತ್ರ ಒಂದಿಷ್ಟೂ ಚುರುಕಾಗುತ್ತಿರಲಿಲ್ಲ. ಸೋರಿಕೆ ತುಂಬುವ ಕೆಲಸಕ್ಕೆ ಪ್ರತಿ 72 ಕ್ಲಾಕ್‌ಗಳಲ್ಲಿ 4 ಖರ್ಚಾಗುತ್ತಿದ್ದವು.

ಪ್ರೊಸೆಸರ್‌ಗಳು ಓಟ ಹೆಚ್ಚಿಸಿಕೊಂಡಾಗ ಕಾಯುವವರು ಅದಲುಬದಲಾದರು. 1984ರ ಐಬಿಎಂ ಪಿಸಿ ಎಟಿಯಲ್ಲಿ 6 ಮೆಗಾಹರ್ಟ್ಸ್‌ನ 286 ಪ್ರೊಸೆಸರ್, ಮೆಮೊರಿಯನ್ನು ಮುಟ್ಟಿದಾಗಲೆಲ್ಲ ಒಂದು ಕ್ಲಾಕ್ ಸುಮ್ಮನೆ ನಿಲ್ಲುತ್ತಿತ್ತು. ಇದಕ್ಕೆ ವೇಟ್ ಸ್ಟೇಟ್ ಎಂದು ಹೆಸರು. 33 ಮೆಗಾಹರ್ಟ್ಸ್‌ನ 386 ಬರುವಷ್ಟರಲ್ಲಿ ಮೆಮೊರಿಯನ್ನು ಮುಟ್ಟಲು ಇದ್ದ ಎರಡು ಕ್ಲಾಕ್ ಎಂದರೆ 60 ನ್ಯಾನೊಸೆಕೆಂಡ್. 80 ನ್ಯಾನೊಸೆಕೆಂಡಿನ ಚಿಪ್ ಅದರೊಳಗೆ ಹಿಡಿಸುವಂತೆಯೇ ಇರಲಿಲ್ಲ. ನಡುವೆ ಕ್ಯಾಶ್ ಎಂಬ ಚಿಕ್ಕ ದುಬಾರಿ ಮೆಮೊರಿಯನ್ನು ಇಟ್ಟು ಈ ಕೊರತೆಯನ್ನು ಮರೆಸುವ ಪದ್ಧತಿ ಆಗಲೇ ಮನೆಬಳಕೆಯ ಯಂತ್ರಗಳಿಗೂ ಬಂತು. 1995ರಲ್ಲಿ ವುಲ್ಫ್ ಮತ್ತು ಮೆಕೀ ಎಂಬ ಸಂಶೋಧಕರು, ಪ್ರೊಸೆಸರಿನ ವೇಗ ಮೆಮೊರಿಯ ವೇಗಕ್ಕಿಂತ ಬಹಳ ಬೇಗ ಏರುತ್ತಿರುವುದರಿಂದ ಮುಂದೆ ಒಂದು ಗೋಡೆ ಎದುರಾಗುತ್ತದೆಂದು ಎಚ್ಚರಿಸಿದರು.

ಅಂಕಿಯ ಅರ್ಥ ತಲೆಕೆಳಗಾದದ್ದು ಎಸ್‌ಡಿರ‍್ಯಾಮ್ ಬಂದಾಗ. ಅಲ್ಲಿಯವರೆಗೆ ಮೆಮೊರಿಗೆ ತನ್ನದೇ ಹೊತ್ತು. ಈಗ ಅದು ಮದರ್‌ಬೋರ್ಡಿನ ಕ್ಲಾಕ್‌ನ ತಾಳಕ್ಕೆ ಹೆಜ್ಜೆ ಹಾಕತೊಡಗಿತು. ಹಾಗಾಗಿ ಚೀಟಿಯ ಮೇಲೆ ನ್ಯಾನೊಸೆಕೆಂಡ್ ಹೋಗಿ ಪಿಸಿ66, ಪಿಸಿ100, ಪಿಸಿ133 ಎಂಬ ಮೆಗಾಹರ್ಟ್ಸ್ ಲೆಕ್ಕದ ಹೆಸರುಗಳು ಬಂದವು. ದೊಡ್ಡ ಅಂಕಿ ಎಂದರೆ ಹೆಚ್ಚು ವೇಗ ಎಂಬ ಭಾವನೆ ಕೊಳ್ಳುವವರಲ್ಲಿ ಬೇರೂರಿದ್ದು ಆಗ. ಆದರೆ ತಾಳ ಹಾಕುವವರು ಬೇರೆ. 1998ರಲ್ಲಿ ಬಂದ ಇಂಟೆಲ್‌ನ 440ಬಿಎಕ್ಸ್ ಚಿಪ್‌ಸೆಟ್ಟಿನಲ್ಲಿ ಮೆಮೊರಿ ಪ್ರೊಸೆಸರಿನ ಬಸ್ಸಿನ, ಎಂದರೆ ಅದು ಹೊರಗಿನೊಡನೆ ಮಾಹಿತಿ ಸಾಗಿಸುವ ತಂತಿಸಾಲಿನ, ವೇಗಕ್ಕೇ ಕಟ್ಟುಬಿದ್ದಿತ್ತು. ಅದೇ ವರ್ಷದ ಸೆಲೆರಾನ್ 300ಎ ಪ್ರೊಸೆಸರಿನ ಬಸ್ಸು 66 ಮೆಗಾಹರ್ಟ್ಸ್‌ನದು. ಅದರ ಪಕ್ಕದಲ್ಲಿ ಕೂತ ಪಿಸಿ100 ಸ್ಟಿಕ್ ಕೂಡ 66ರಲ್ಲೇ ಓಡುತ್ತಿತ್ತು. ಹವ್ಯಾಸಿಗಳು ಬಸ್ಸನ್ನು 100ಕ್ಕೆ ಏರಿಸಿದಾಗ ಪ್ರೊಸೆಸರ್ 450 ಮೆಗಾಹರ್ಟ್ಸ್‌ಗೆ ಏರುವುದರ ಜೊತೆಗೆ ಮೆಮೊರಿಯೂ ತನ್ನ ಚೀಟಿಯ ವೇಗವನ್ನು ಮುಟ್ಟುತ್ತಿತ್ತು.

2000ದಲ್ಲಿ ಜೆಡೆಕ್ ಸಂಸ್ಥೆ ಡಿಡಿಆರ್ ಮಾನದಂಡವನ್ನು ಪ್ರಕಟಿಸಿತು. ಮೆಮೊರಿಯ ಅಳತೆ, ವೋಲ್ಟೇಜು, ವೇಗದ ಮೆಟ್ಟಿಲುಗಳನ್ನೆಲ್ಲ ಗೊತ್ತುಮಾಡುವ ಉದ್ಯಮದ ಒಕ್ಕೂಟ ಇದು. ಡಿಡಿಆರ್‌ನಲ್ಲಿ ಕ್ಲಾಕ್ ಏರುವಾಗ ಒಮ್ಮೆ, ಇಳಿಯುವಾಗ ಒಮ್ಮೆ ಮಾಹಿತಿ ಸಾಗುತ್ತದೆ. 200 ಮೆಗಾಹರ್ಟ್ಸ್ ಕ್ಲಾಕ್‌ನ ಸ್ಟಿಕ್ಕಿಗೆ ಡಿಡಿಆರ್-400 ಎಂಬ ಹೆಸರು ಬಂದದ್ದು ಹಾಗೆ. ಸೆಕೆಂಡಿಗೆ 3,200 ಮೆಗಾಬೈಟ್ ಸಾಗಿಸುತ್ತದೆಂದು ಅದೇ ಸ್ಟಿಕ್ಕಿಗೆ ಪಿಸಿ3200 ಎಂಬ ಇನ್ನೊಂದು ಹೆಸರು. ಒಂದೇ ವಸ್ತುವಿಗೆ 200, 400, 3200 ಎಂಬ ಮೂರು ಅಂಕಿಗಳಾದವು; ಮೂರೂ ಸರಿ. ಈ ಗೊಂದಲ ಇಂದಿಗೂ ತೀರಿಲ್ಲ. ಡಿಡಿಆರ್4-3200 ಸ್ಟಿಕ್ಕನ್ನು ಪರೀಕ್ಷಿಸುವ ಸಿಪಿಯು-ಝಡ್ ತಂತ್ರಾಂಶ 1600 ಎಂದು ತೋರಿಸಿದರೆ ಅಲ್ಲಿ ಕೊರತೆ ಏನೂ ಇಲ್ಲ. ಅದು ಕ್ಲಾಕ್ ಅನ್ನು ಎಣಿಸುತ್ತದೆ, ಚೀಟಿ ಸಾಗಣೆಯನ್ನು ಎಣಿಸುತ್ತದೆ.

ಹೊರಗಿನ ಅಂಕಿ ಏರಿದಂತೆ ಒಳಗಿನ ಕೋಶಗಳ ವೇಗ ಏರಲಿಲ್ಲ. ಡಿಡಿಆರ್-400, ಡಿಡಿಆರ್2-800, ಡಿಡಿಆರ್3-1600 ಮೂರರಲ್ಲೂ ಕೋಶಗಳ ಸಾಲು ನಡೆಯುವುದು 200 ಮೆಗಾಹರ್ಟ್ಸ್‌ನಲ್ಲೇ. ಒಂದು ಸಲಕ್ಕೆ ಎರಡು, ನಾಲ್ಕು, ಎಂಟು ಬಿಟ್‌ಗಳನ್ನು ಒಟ್ಟಿಗೆ ಎತ್ತಿ ಬಾಗಿಲ ಬಳಿ ತಂದಿಟ್ಟು, ಅಲ್ಲಿಂದ ಅವಸರದಲ್ಲಿ ಸಾಗಿಸುವುದು ಇದರ ಉಪಾಯ. ಆದ್ದರಿಂದ ಕೇಳಿದ ಮೊದಲ ಅಕ್ಷರ ಸಿಗುವ ಹೊತ್ತು ಹೆಚ್ಚು ಇಳಿಯಲಿಲ್ಲ: ಡಿಡಿಆರ್-400ರಲ್ಲಿ ಮೂರು ಕ್ಲಾಕ್, ಎಂದರೆ 15 ನ್ಯಾನೊಸೆಕೆಂಡ್, ಜೆಡೆಕ್ ಪ್ರಕಾರದ ಡಿಡಿಆರ್4-3200ರಲ್ಲಿ 22 ಕ್ಲಾಕ್, 13.75 ನ್ಯಾನೊಸೆಕೆಂಡ್. ಚೀಟಿಯ ಅಂಕಿ ಎಂಟು ಪಟ್ಟಾಗಿದೆ. ಕಾಯುವ ಹೊತ್ತು ಹತ್ತರಲ್ಲಿ ಒಂದು ಪಾಲೂ ಕಡಿಮೆಯಾಗಿಲ್ಲ.

ಬರೆದ ವೇಗ ಕೇವಲ ಲೆಕ್ಕದ ಕಾರಣಕ್ಕೆ ತಪ್ಪಿಹೋದ ಒಂದು ಪ್ರಸಂಗ ಇಲ್ಲಿ ಬಿಡಿಸಿ ನೋಡಲು ಯೋಗ್ಯ. ಪ್ರೊಸೆಸರ್ ತಯಾರಿಸುವ ಎಎಂಡಿ ಸಂಸ್ಥೆ 2003ರಲ್ಲಿ ಮೆಮೊರಿಯನ್ನು ನಡೆಸುವ ಕಂಟ್ರೋಲರನ್ನು ಮದರ್‌ಬೋರ್ಡಿನ ಚಿಪ್ಪಿನಿಂದ ತೆಗೆದು ಪ್ರೊಸೆಸರಿನೊಳಗೆ ತಂದಿತು. ಕಾಯುವ ಹೊತ್ತು ಇದರಿಂದ ನಿಜವಾಗಿ ಕಡಿಮೆಯಾಯಿತು. ಆದರೆ ಮೆಮೊರಿಗೆ ಬೇರೆ ಕ್ಲಾಕ್ ಇರಲಿಲ್ಲ. ಪ್ರೊಸೆಸರಿನ ಕ್ಲಾಕ್ ಅನ್ನು ಒಂದು ಪೂರ್ಣ ಸಂಖ್ಯೆಯಿಂದ ಭಾಗಿಸಿ ಮೆಮೊರಿಯ ಕ್ಲಾಕ್ ಪಡೆಯುತ್ತಿದ್ದರು. 2006ರಲ್ಲಿ ಅಥ್ಲಾನ್ 64 ಎಕ್ಸ್2 ಡಿಡಿಆರ್2-800 ಮೆಮೊರಿಗೆ ಬಂದಾಗ 400 ಮೆಗಾಹರ್ಟ್ಸ್ ಬೇಕಾಯಿತು. 2.4 ಗಿಗಾಹರ್ಟ್ಸ್ ಪ್ರೊಸೆಸರಿನಲ್ಲಿ ಆರರಿಂದ ಭಾಗಿಸಿದರೆ ಸರಿಯಾಗಿ 400. 2.6 ಗಿಗಾಹರ್ಟ್ಸ್‌ನದರಲ್ಲಿ ಆರರಿಂದ ಭಾಗಿಸಿದರೆ 433. ಅದು ಸ್ಟಿಕ್ಕಿನ ಮಿತಿಯನ್ನು ದಾಟುತ್ತದೆ. ಏಳರಿಂದ ಭಾಗಿಸಿದರೆ 371, ಚೀಟಿಯ ಲೆಕ್ಕದಲ್ಲಿ 742. ಮಿತಿ ದಾಟುವಂತಿಲ್ಲ, ಆದ್ದರಿಂದ ಏಳೇ ಗತಿ. ಹೆಚ್ಚು ಹಣ ಕೊಟ್ಟು ಚುರುಕಾದ ಪ್ರೊಸೆಸರ್ ಕೊಂಡವರ ಮೆಮೊರಿ, ಕಡಿಮೆಯದನ್ನು ಕೊಂಡವರ ಮೆಮೊರಿಗಿಂತ ನಿಧಾನವಾಗಿ ಓಡಿತು. 2.8ಕ್ಕೆ ಹೋದರೆ ಮತ್ತೆ ಪೂರ್ತಿ 800, 3.0ಕ್ಕೆ ಹೋದರೆ 750. ಸ್ಟಿಕ್ಕಿನಲ್ಲಾಗಲಿ ಬೋರ್ಡಿನಲ್ಲಾಗಲಿ ಯಾವ ದೋಷವೂ ಇಲ್ಲದೆ, ಬರಿಯ ಭಾಗಾಕಾರದಿಂದ ಉಂಟಾದ ನಷ್ಟ ಇದು. 2007ರಲ್ಲಿ ಬಂದ ಫಿನಾಮ್ ಪ್ರೊಸೆಸರಿನಲ್ಲಿ ಮೆಮೊರಿಯ ಕ್ಲಾಕ್ ಈ ಕಟ್ಟಿನಿಂದ ಬಿಡಿಸಿಕೊಂಡಿತು. ಇಂಟೆಲ್ ತನ್ನ ಕಂಟ್ರೋಲರನ್ನು ಪ್ರೊಸೆಸರಿನೊಳಗೆ ತಂದದ್ದು 2008ರ ಕೋರ್ ಐ7ರಲ್ಲಿ.

ಇಂದು ಹೆಚ್ಚಿನವರು ಕಾಣುವ ಕೊರತೆಯ ಕಾರಣ ಇದಲ್ಲ. ಪ್ರತಿ ಸ್ಟಿಕ್ಕಿನ ಮೇಲೂ ಎಸ್‌ಪಿಡಿ ಎಂಬ ಚಿಕ್ಕ ಚಿಪ್ ಕೂತಿರುತ್ತದೆ. ಡಿಡಿಆರ್4ರಲ್ಲಿ ಅದರ ಗಾತ್ರ ಕೇವಲ 512 ಬೈಟ್. ತಾನು ಯಾವ ಬಗೆ, ಯಾವ ವೇಗಕ್ಕೆ ಎಷ್ಟು ಕ್ಲಾಕ್ ಕಾಯಬೇಕು ಎಂಬುದನ್ನು ಸ್ಟಿಕ್ ಅದರಲ್ಲಿ ಬರೆದುಕೊಂಡಿರುತ್ತದೆ. ಯಂತ್ರವನ್ನು ಎಬ್ಬಿಸುವ ಬಯಾಸ್ ಎಂಬ ತಂತ್ರಾಂಶ ಶುರುವಿನಲ್ಲಿ ಮೊದಲು ಇದನ್ನು ಓದುತ್ತದೆ. ಅಲ್ಲಿ ಜೆಡೆಕ್ ಒಪ್ಪಿದ ವೇಗಗಳಿರುತ್ತವೆ, ಅವುಗಳಿಗೆ ಡಿಡಿಆರ್4ರಲ್ಲಿ 1.2 ವೋಲ್ಟ್ ಸಾಕು. ಆದರೆ ತಯಾರಕರು ಒಳ್ಳೆಯ ಚಿಪ್‌ಗಳನ್ನು ಆರಿಸಿ, 1.35 ವೋಲ್ಟ್ ಕೊಟ್ಟು, ಇನ್ನೂ ಹೆಚ್ಚು ವೇಗದಲ್ಲಿ ಪರೀಕ್ಷಿಸಿ ಮಾರುತ್ತಾರೆ. ಚೀಟಿಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗುವುದು ಆ ಅಂಕಿ. ಈ ಹೆಚ್ಚುವರಿ ವೇಗದ ವಿವರವನ್ನು ಎಸ್‌ಪಿಡಿಯ ಉಳಿದ ಜಾಗದಲ್ಲಿ ಬರೆಯುವ ಪದ್ಧತಿಯನ್ನು 2006ರಲ್ಲಿ ಎನ್‌ವಿಡಿಯಾ ಮತ್ತು ಕೋರ್ಸೇರ್ ಇಪಿಪಿ ಹೆಸರಿನಲ್ಲಿ ತಂದವು. 2007ರಲ್ಲಿ ಇಂಟೆಲ್ ಎಕ್ಸ್‌ಎಂಪಿ ತಂದಿತು. ಎಎಂಡಿಯ ಎಕ್ಸ್‌ಪೋ 2022ರಲ್ಲಿ ಬಂತು.

ಹೆಚ್ಚುವರಿ ವೇಗದ ಈ ಪುಟವನ್ನು ಬಯಾಸ್ ತಾನಾಗಿ ತೆರೆಯುವುದಿಲ್ಲ. ಯಾವ ಪ್ರೊಸೆಸರ್ ಜೊತೆಯಲ್ಲಿದೆಯೋ, ಅದು ಇಷ್ಟು ವೇಗವನ್ನು ತಾಳುತ್ತದೋ ಇಲ್ಲವೋ ಎಂಬ ಖಾತರಿ ಇಲ್ಲದಿರುವಾಗ ಯಂತ್ರ ಮೊದಲು ಎದ್ದು ನಿಲ್ಲುವುದು ಮುಖ್ಯ. ಆದ್ದರಿಂದ 3600 ಎಂದು ಬರೆದ ಡಿಡಿಆರ್4 ಸ್ಟಿಕ್ 2133ರಲ್ಲೋ 2666ರಲ್ಲೋ ಎಚ್ಚರಗೊಳ್ಳುತ್ತದೆ. ಬಯಾಸ್‌ನಲ್ಲಿ ಎಕ್ಸ್‌ಎಂಪಿ ಎಂಬ ಒಂದು ಆಯ್ಕೆಯನ್ನು ಒತ್ತಿದರೆ ಬರೆದ ವೇಗ ಬರುತ್ತದೆ. ಆ ಆಯ್ಕೆ ಇರುವುದೇ ತಿಳಿಯದೆ ವರ್ಷಗಟ್ಟಲೆ ಅರೆವೇಗದಲ್ಲಿ ಓಡುವ ಯಂತ್ರಗಳಿವೆ. ಪೆಟ್ಟಿಗೆಯ ಮೇಲೆ ಎರಡು ಅಂಕಿಗಳನ್ನೂ ಸಮನಾದ ಅಕ್ಷರದಲ್ಲಿ ಅಚ್ಚುಹಾಕಿದ್ದರೆ ಕೊಳ್ಳುವವರ ಮಟ್ಟಿಗೆ ಈ ತೊಡಕು ಹುಟ್ಟುತ್ತಲೇ ಇರಲಿಲ್ಲ. ಕೆಲವು ಬೋರ್ಡುಗಳಲ್ಲಿ ಒತ್ತಿದರೂ ಫಲವಿಲ್ಲ. 2020ರ ಇಂಟೆಲ್ ಬಿ460 ಚಿಪ್‌ಸೆಟ್ಟಿನ ಬೋರ್ಡಿನಲ್ಲಿ ಕೋರ್ ಐ5 ಕೂರಿಸಿದರೆ ಯಾವ ಸ್ಟಿಕ್ ಹಾಕಿದರೂ 2666ಕ್ಕೆ ಬೀಗ; ಮರುವರ್ಷದ ಬಿ560ರಲ್ಲಿ ಆ ಬೀಗ ತೆರೆಯಿತು.

ಸ್ಟಿಕ್ಕುಗಳ ಸಂಖ್ಯೆಯೂ ವೇಗವನ್ನು ಇಳಿಸುತ್ತದೆ. ಒಂದೇ ತಂತಿಸಾಲಿಗೆ ಎರಡು ಸ್ಟಿಕ್ ಜೋತುಬಿದ್ದಾಗ ಸಂಕೇತ ಕವಲುಗಳಲ್ಲಿ ಬಡಿದು ಹಿಂದಿರುಗಿ ತನ್ನನ್ನೇ ಕಲಕುತ್ತದೆ. ವೇಗ ಹೆಚ್ಚಿದಷ್ಟೂ ಈ ಕಲಕು ಹೆಚ್ಚು. 2017ರ ಮೊದಲ ರೈಜೆನ್ ಪ್ರೊಸೆಸರಿಗೆ ಒಂದೇ ಚಿಪ್‌ಸಾಲಿನ ಎರಡು ಸ್ಟಿಕ್ಕುಗಳಿದ್ದರೆ 2666, ಜೋಡಿ ಚಿಪ್‌ಸಾಲಿನ ನಾಲ್ಕಿದ್ದರೆ 1866 ಎಂದು ಎಎಂಡಿ ಮಿತಿ ಹಾಕಿತ್ತು. ರೈಜೆನ್ 7000ದಲ್ಲಿ ಎರಡಕ್ಕೆ 5200, ನಾಲ್ಕಕ್ಕೆ 3600. ವೇಗ ಬೇರೆ ಬೇರೆಯಾದ ಸ್ಟಿಕ್ಕುಗಳನ್ನು ಬೆರೆಸಿದರೆ ಎಲ್ಲಕ್ಕೂ ಒಂದೇ ಕ್ಲಾಕ್. ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳಲ್ಲಿ ನಿಧಾನದ್ದರ ನಡಿಗೆಯೇ ಜೋಡಿಯ ನಡಿಗೆ.

ಇವೆಲ್ಲ ಸರಿಯಾಗಿ ಕೂಡಿಬಂದು ಅಂಕಿ ಪೂರ್ತಿ ಸಿಕ್ಕಾಗಲೂ ಸಾಗುವ ಮಾಹಿತಿ ಅದಕ್ಕಿಂತ ಕಡಿಮೆಯೇ. ಡಿಡಿಆರ್4ರಲ್ಲಿ 64 ಮಿಲಿಸೆಕೆಂಡಿನೊಳಗೆ 8,192 ಸಲ ಸೋರಿಕೆ ತುಂಬುವ ಆಜ್ಞೆ ಹೋಗಬೇಕು, ಎಂದರೆ ಪ್ರತಿ 7.8 ಮೈಕ್ರೊಸೆಕೆಂಡಿಗೆ ಒಂದು. 8 ಗಿಗಾಬಿಟ್ ಚಿಪ್ಪಿನಲ್ಲಿ ಒಂದೊಂದಕ್ಕೂ 350 ನ್ಯಾನೊಸೆಕೆಂಡ್ ಬೇಕು. ನೂರರಲ್ಲಿ ಸುಮಾರು ನಾಲ್ಕೂವರೆ ಪಾಲು ಹೊತ್ತು ಇದಕ್ಕೇ ಹೋಗುತ್ತದೆ. 1981ರ ಪಿಸಿಯ 72ರಲ್ಲಿ 4 ಎಂಬ ತೆರಿಗೆಗೆ ಇದು ಹೆಚ್ಚೇನೂ ದೂರವಿಲ್ಲ. ಬೇಕಾದ ಸಾಲು ಮುಚ್ಚಿದ್ದರೆ ಹಳೆಯದನ್ನು ಮುಚ್ಚಿ ಹೊಸದನ್ನು ತೆರೆದು ಓದಲು ಸುಮಾರು 41 ನ್ಯಾನೊಸೆಕೆಂಡ್. ಓದುವುದರಿಂದ ಬರೆಯುವುದಕ್ಕೆ ತಿರುಗುವಾಗಲೂ ತಂತಿ ಕೆಲಹೊತ್ತು ಖಾಲಿ.

2020ರ ಡಿಡಿಆರ್5 ಮಾನದಂಡದಲ್ಲಿ ವೋಲ್ಟೇಜು 1.1ಕ್ಕೆ ಇಳಿಯಿತು, ಒಂದು ಸಲಕ್ಕೆ ಎತ್ತುವ ಬಿಟ್‌ಗಳು 16 ಆದವು. ವೇಗ 6400ನ್ನು ದಾಟುವ ಹೊತ್ತಿಗೆ ಪ್ರೊಸೆಸರಿನಿಂದ ಬರುವ ಕ್ಲಾಕ್ ಸಂಕೇತ ದಾರಿಯಲ್ಲೇ ಸೊರಗತೊಡಗಿತು. ಅದಕ್ಕೆಂದು 2024ರಲ್ಲಿ ಸಿಯುಡಿಮ್ ಎಂಬ ಹೊಸ ಬಗೆಯ ಸ್ಟಿಕ್ ಬಂತು. ಬಂದ ಕ್ಲಾಕ್ ಅನ್ನು ಹುರಿಗೊಳಿಸಿ ಎಲ್ಲ ಚಿಪ್‌ಗಳಿಗೆ ಹಂಚುವ ಒಂದು ಚಿಪ್ ಅದರ ಮೇಲೆಯೇ ಇದೆ. ಅದನ್ನು ಬಳಸಲಾರದ ಹಿಂದಿನ ಪ್ರೊಸೆಸರುಗಳ ಜೊತೆ ಕೂರಿಸಿದರೆ ಆ ಚಿಪ್ ಕ್ಲಾಕ್ ಅನ್ನು ಮುಟ್ಟದೆ ಹಾಗೆಯೇ ದಾಟಿಸುತ್ತದೆ, ಸ್ಟಿಕ್ ತನ್ನ ಚೀಟಿಗಿಂತ ಕೆಳಗಿನ ವೇಗಕ್ಕೆ ಇಳಿಯುತ್ತದೆ.