‘ವಿದ್ಯುತ್ಪ್ರವಾಹ’ ಶಬ್ದದ ಅರ್ಥವಿಚಾರ

‘ವಿದ್ಯುತ್’ ಎಂಬ ಶಬ್ದವು ಸಂಸ್ಕೃತದಲ್ಲಿ ಮಿಂಚಿಗೆ ಸಲ್ಲುವುದು. ದೀಪ್ತ್ಯರ್ಥಕವಾದ ‘ದ್ಯುತ್’ ಧಾತುವಿನಿಂದ ಇದು ನಿಷ್ಪನ್ನವಾಗಿದೆ. ಪಾಶ್ಚಾತ್ಯರ ‘ಎಲೆಕ್ಟ್ರಿಕ್’ ಶಬ್ದದ ಮೂಲವಾದರೋ ಬೇರೆ. ಉಜ್ಜಿದರೆ ಹುಲ್ಲಿನ ಚೂರುಗಳನ್ನು ಸೆಳೆಯುವ ಅಂಬರ್ ಎಂಬ ರಾಳಕ್ಕೆ ಗ್ರೀಕರು ‘ಎಲೆಕ್ಟ್ರಾನ್’ ಎನ್ನುತ್ತಿದ್ದರು; ಅದರಿಂದಲೇ 1600ರಲ್ಲಿ ಗಿಲ್ಬರ್ಟನು ಲ್ಯಾಟಿನ್ ವಿಶೇಷಣವನ್ನು ರಚಿಸಿದನು. ಮಿಂಚೂ ಈ ಆಕರ್ಷಣವೂ ಒಂದೇ ಜಾತಿಯವೆಂಬುದು ಫ್ರಾಂಕ್ಲಿನನ ಸೂಚನೆಯಂತೆ 1752ರಲ್ಲಿ ಫ್ರಾನ್ಸಿನಲ್ಲಿ ನಡೆದ ಪರೀಕ್ಷೆಯಿಂದ ಸಿದ್ಧವಾಯಿತು. ಆದ್ದರಿಂದ ನಮ್ಮ ಶಬ್ದವು ಸಾಧುವೇ.

‘ಪ್ರವಾಹ’ದ ವಿಷಯವು ಅಷ್ಟು ಸರಳವಲ್ಲ. ವಿದ್ಯುತ್ತು ಒಂದು ಸೂಕ್ಷ್ಮದ್ರವವೆಂದು ಫ್ರಾಂಕ್ಲಿನನು ಭಾವಿಸಿದ್ದನು. 1800ರಲ್ಲಿ ವೋಲ್ಟನು ತನ್ನ ವಿದ್ಯುತ್ಕೋಶಸ್ತಂಭವನ್ನು ಪ್ರಕಟಪಡಿಸಿದ ಮೇಲೆ ಎಡೆಬಿಡದ ಹರಿವು ದೊರೆಯಿತು. 1820ರಲ್ಲಿ ಆಂಪಿಯರನು ಒತ್ತಡವನ್ನೂ ಪ್ರವಾಹವನ್ನೂ ಬೇರ್ಪಡಿಸಿ ಹೇಳಿದನು. 1897ರಲ್ಲಿ ಥಾಮ್ಸನನು ಎಲೆಕ್ಟ್ರಾನ್ ಕಣವನ್ನು ಕಂಡುಹಿಡಿದನು. ತಂತಿಯಲ್ಲಿ ಚಲಿಸುವುದು ಆ ಋಣಕಣವೆಂದೂ, ಅದರ ಗತಿಯು ಪೂರ್ವಿಕರು ಗೊತ್ತುಮಾಡಿದ ದಿಕ್ಕಿಗೆ ವಿರುದ್ಧವೆಂದೂ ಬಳಿಕ ವಿದಿತವಾಯಿತು. ದ್ರವದ ಕಲ್ಪನೆ ಅಳಿಯಿತು. ಶಬ್ದವೂ ದಿಕ್ಕಿನ ಸಂಕೇತವೂ ಉಳಿದುವು.

ಕನ್ನಡನಾಡಿನಲ್ಲಿ 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದುವು. ಜನರ ಬಾಯಿಯಲ್ಲಿ ‘ಕರೆಂಟು’ ನೆಲೆಗೊಂಡಿತು. ‘ಕರೆಂಟು ಹೋಯಿತು’, ‘ಕರೆಂಟು ಹೊಡೆಯಿತು’, ‘ಕರೆಂಟು ಬಹಳ ಖರ್ಚಾಯಿತು’ ಎಂಬಲ್ಲಿ ಸರಬರಾಯಿ, ಆಘಾತ, ಶಕ್ತಿಗಳೆಂಬ ಮೂರು ಅರ್ಥಗಳು ಒಂದೇ ಶಬ್ದದಲ್ಲಿ ಅಡಗಿವೆ.

ಯೋಗಾರ್ಥಕ್ಕಿಂತ ರೂಢಿಯು ಬಲವತ್ತರವೆಂದು ಶಾಸ್ತ್ರಕಾರರು ಒಪ್ಪಿರುವುದರಿಂದ ಈ ಮಾತುಗಳನ್ನು ತಪ್ಪೆನ್ನಲಾಗದು. ಆದರೆ ಪಾಠಪುಸ್ತಕಗಳಲ್ಲಿ ಈ ಸಂಕರವು ಸಲ್ಲದು. ಪ್ರವಾಹವೆಂದರೆ ಒಂದು ಸೆಕೆಂಡಿನಲ್ಲಿ ತಂತಿಯ ಅಡ್ಡಕೊಯ್ತವನ್ನು ದಾಟುವ ವಿದ್ಯುದಾವೇಶದ ಪ್ರಮಾಣ. ಸೆಕೆಂಡಿಗೆ ಒಂದು ಕೂಲಂಬ್ ದಾಟಿದರೆ ಒಂದು ಆಂಪಿಯರ್. ದೀಪದೊಳಗೆ ಹೊಕ್ಕಷ್ಟೇ ಪ್ರವಾಹವು ಹೊರಬರುವುದು. ವ್ಯಯವಾಗುವುದು ಶಕ್ತಿ ಮಾತ್ರ. ನಮ್ಮ ಮನೆಗಳ ತಂತಿಗಳಲ್ಲಂತೂ ಪ್ರವಾಹವು ಸೆಕೆಂಡಿಗೆ ನೂರು ಸಲ ದಿಕ್ಕನ್ನು ಬದಲಿಸುತ್ತದೆ. ಕಣಗಳು ಹಿಂದುಮುಂದಾಗಿ ತುಯ್ಯುವುವಲ್ಲದೆ ದೂರದಿಂದ ನದಿಯಂತೆ ಹರಿದು ಬರುವುದಿಲ್ಲ. ಕಾವೇರಿಯ ನೀರು ಕೋಲಾರಕ್ಕೆ ಹೋಗಲಿಲ್ಲ, ಅದರ ಬೀಳಿನ ಬಲವು ಹೋಯಿತು. ತಂತಿಯ ಕಣಗಳಿಗೂ ಇದೇ ನ್ಯಾಯ.

ಆದಕಾರಣ ‘ವಿದ್ಯುತ್ಪ್ರವಾಹ’ವನ್ನು ಆವೇಶದ ಗತಿಗೂ, ‘ವಿದ್ಯುಚ್ಛಕ್ತಿ’ಯನ್ನು ವ್ಯಯವಾಗುವುದಕ್ಕೂ ಮೀಸಲಾಗಿಡುವುದು ಯುಕ್ತ. ‘ಕರೆಂಟು’ ಆಡುಮಾತಿನಲ್ಲಿ ಸುಖವಾಗಿರಲಿ. ವಿದ್ಯಾರ್ಥಿಯ ಬುದ್ಧಿಯಲ್ಲಿ ಮಾತ್ರ ಈ ಎರಡು ಅರ್ಥಗಳು ಕೂಡಿಹೋಗಬಾರದು.