ಆಪ್ತ ದೃಶ್ಯ ಸಂಯೋಜನೆ: ಕಿತ್ತೂರು ನಾಡಿನ ಅಟ್ಟದಿಂದ ಕಿರುತೆರೆಗೆ

ಆಪ್ತ ದೃಶ್ಯ ಸಂಯೋಜನೆ: ನಾಟಕ, ಚಲನಚಿತ್ರ, ಧಾರಾವಾಹಿಗಳಲ್ಲಿ ಬರುವ ಮುತ್ತು, ಅಪ್ಪುಗೆ, ಹಾಸಿಗೆಯ ಸನ್ನಿವೇಶ, ಬಲಾತ್ಕಾರದ ಸನ್ನಿವೇಶ ಮುಂತಾದವನ್ನು ಕಲಾವಿದರ ಒಪ್ಪಿಗೆ ಪಡೆದು, ಮೊದಲೇ ಗೊತ್ತುಮಾಡಿದ ಚಲನೆಗಳಲ್ಲಿ ಕಟ್ಟಿಕೊಡುವ ಕೆಲಸ. ಇದನ್ನು ಮಾಡುವವರಿಗೆ ಚಿತ್ರರಂಗದಲ್ಲಿ ಇಂಟಿಮಸಿ ಕೋಆರ್ಡಿನೇಟರ್ ಎಂಬ ಹೆಸರು ನಿಂತಿದೆ. ಹೊಡೆದಾಟಕ್ಕೆ ಸಾಹಸ ನಿರ್ದೇಶಕ, ಕುಣಿತಕ್ಕೆ ನೃತ್ಯ ನಿರ್ದೇಶಕ ಇರುವಂತೆಯೇ ಪ್ರಣಯ ದೃಶ್ಯಕ್ಕೂ ಹೊಣೆ ಹೊರುವ ಒಬ್ಬರು ಬೇಕೆಂಬ ತಿಳಿವಳಿಕೆ ಅಮೆರಿಕ, ಬ್ರಿಟನ್ನುಗಳಲ್ಲಿ 2010ರ ದಶಕದ ಕೊನೆಗೆ ಗಟ್ಟಿಯಾಯಿತು. ವೃತ್ತಿ ಹೊಸದು, ಅದು ಎದುರಿಸುವ ಪ್ರಶ್ನೆ ಬಹಳ ಹಳೆಯದು. ಊರ ಜನರೆಲ್ಲ ಕೂತು ನೋಡುವಾಗ ಗಂಡು ಹೆಣ್ಣಿನ ಒಲವನ್ನು ಆಡಿ ತೋರಿಸುವುದು ಹೇಗೆ? ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆಯಲ್ಲಿ ಬೆಳೆದ ಸಣ್ಣಾಟ, ಪಾರಿಜಾತ, ಕಂಪನಿ ನಾಟಕಗಳು ಇದಕ್ಕೆ ತಮ್ಮದೇ ಉತ್ತರ ಕಂಡುಕೊಂಡಿದ್ದವು. ಆ ಉತ್ತರ ಏನಾಗಿತ್ತು, ಕ್ಯಾಮೆರಾ ಬಂದ ಮೇಲೆ ಅದು ಏಕೆ ಸಾಲದಾಯಿತು ಎಂಬುದನ್ನು ಬಿಟ್ಟು ಕನ್ನಡದ ಮಟ್ಟಿಗೆ ಈ ವೃತ್ತಿಯನ್ನು ವಿವರಿಸಲಾಗದು.

ಸಂಗ್ಯಾ ಬಾಳ್ಯಾ

ಈ ಸೀಮೆಯ ಅತ್ಯಂತ ಪ್ರಸಿದ್ಧ ಪ್ರಣಯ ಕಥೆ ಬೈಲಹೊಂಗಲದ ನೆಲದ್ದು. ಸಿರಿವಂತನಾದ ಸಂಗ್ಯಾ, ವ್ಯಾಪಾರಿ ಈರಪಕ್ಷಿಯ ಹೆಂಡತಿ ಗಂಗಾಳನ್ನು ಕಂಡು ಮನಸೋಲುತ್ತಾನೆ. ಜೀವದ ಗೆಳೆಯ ಬಾಳ್ಯಾ ಮತ್ತು ಒಬ್ಬ ಮುದುಕಿಯ ಮೂಲಕ ಅವಳಿಗೆ ಮಾತು ಕಳಿಸುತ್ತಾನೆ. ಗಂಡ ವ್ಯಾಪಾರಕ್ಕೆಂದು ಊರು ಬಿಟ್ಟಾಗ ಸಂಬಂಧ ಕೂಡುತ್ತದೆ. ತಿರುಗಿ ಬಂದ ಈರಪಕ್ಷಿ ತಮ್ಮಂದಿರನ್ನು ಕಟ್ಟಿಕೊಂಡು ಸಂಗ್ಯಾನನ್ನು ಕೊಲ್ಲುತ್ತಾನೆ, ಅದಕ್ಕೆ ಬಾಳ್ಯಾನ ದ್ರೋಹವೇ ದಾರಿಯಾಗುತ್ತದೆ. ನಿಜವಾಗಿ ನಡೆದ ಕೊಲೆಯೊಂದರಿಂದ ಹುಟ್ಟಿದ ಆಟ ಇದು ಎಂಬುದು ಈ ಭಾಗದ ಗಟ್ಟಿ ನಂಬಿಕೆ. ಇದನ್ನು ಕಟ್ಟಿದವರು ಬೈಲವಾಡದ ಪತ್ತಾರ ಮಾಸ್ತರರು ಎಂದು ಹೇಳುತ್ತಾರೆ. ಚಂದ್ರಶೇಖರ ಕಂಬಾರರು 1960ರ ದಶಕದಲ್ಲಿ ಪಠ್ಯವನ್ನು ಸಂಪಾದಿಸಿ ಪ್ರಕಟಿಸಿದ ಮೇಲೆ ಇದು ಹವ್ಯಾಸಿ ರಂಗಭೂಮಿಗೂ ಹಬ್ಬಿತು. 1990ರ ದಶಕದ ಆರಂಭದಲ್ಲಿ ಸುಂದರಕೃಷ್ಣ ಅರಸ್ ಇದನ್ನು ಚಲನಚಿತ್ರ ಮಾಡಿದರು.

ಸಂಗ್ಯಾ ಬಾಳ್ಯಾ ಒಂದು ಸಣ್ಣಾಟ. ಬಯಲಾಟದ ಇನ್ನೊಂದು ಬಗೆಯಾದ ದೊಡ್ಡಾಟ ಪುರಾಣದ ವೀರರದು, ಅದರ ವೇಷಭೂಷಣ ಭಾರಿ. ಸಣ್ಣಾಟ ಮನೆಮಂದಿಯ ಕಥೆ, ದಿನನಿತ್ಯದ ಧೋತರ, ರುಮಾಲು, ಸೀರೆಗಳಲ್ಲೇ ಆಡುವಂಥದು. ಇಲ್ಲಿ ವ್ಯಭಿಚಾರದಂಥ ವಿಷಯ ಯಾವ ದೇವರ ಮರೆಯೂ ಇಲ್ಲದೆ ಅಟ್ಟದ ಮೇಲೆ, ಅಂದರೆ ರಂಗದ ಮೇಲೆ, ಬರುತ್ತದೆ. ಮುಂದೆ ಮಕ್ಕಳು, ಒಂದು ಮಗ್ಗುಲಿಗೆ ಹೆಂಗಸರು, ಹಿಂದೆ ಊರ ಹಿರಿಯರು ಬೆಳತನಕ ಕೂತಿರುತ್ತಾರೆ. ಆದರೂ ಸಂಗ್ಯಾ ಗಂಗಾಳನ್ನು ಕೂಡುವ ಭಾಗವನ್ನು ಮೇಳದವರು ಮುಜುಗರವಿಲ್ಲದೆ ದಾಟಿಸುತ್ತಾರೆ. ಅದು ಸಾಧ್ಯವಾಗುವುದು ಹಾಡಿನಿಂದ. ಪಾತ್ರಧಾರಿ ಒಂದು ನುಡಿ ಹಾಡಿದೊಡನೆ ಹಿಮ್ಮೇಳ ಅದರ ಕೊನೆಯನ್ನು ಎತ್ತಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಇಬ್ಬರೂ ಹೆಜ್ಜೆ ಹಾಕುತ್ತ ಮುಂದೆ ಬರುತ್ತಾರೆ, ಹಿಂದೆ ಸರಿಯುತ್ತಾರೆ, ಜಾಗ ಬದಲಿಸುತ್ತಾರೆ. ಹಾಡು ನಿಂತಾಗ ಮಾತು, ಮಾತು ಮುಗಿದಾಗ ಮತ್ತೆ ಹಾಡು. ಬಯಕೆ ಇರುವುದೆಲ್ಲ ದನಿಯಲ್ಲಿ, ಕಣ್ಣಿನಲ್ಲಿ, ಸೆರಗಿನ ಅಂಚನ್ನು ಹಿಡಿದು ಬಿಡುವುದರಲ್ಲಿ. ಎಲ್ಲಿ ಎಷ್ಟು ಹೆಜ್ಜೆ, ಯಾವ ನುಡಿಗೆ ಯಾರು ತಿರುಗಬೇಕು ಎಂಬುದನ್ನು ಕಲಿಸುವ ಮಾಸ್ತರ ತಾಲೀಮಿನಲ್ಲೇ ಗೊತ್ತುಮಾಡಿರುತ್ತಾನೆ. ಅಟ್ಟದ ಮೇಲೆ ಪಾತ್ರಧಾರಿ ತನ್ನ ಉಮೇದಿಗೆ ಸಿಕ್ಕು ಅದನ್ನು ಮೀರಿದರೆ ತಾಳ ತಪ್ಪುತ್ತದೆ, ತಪ್ಪಿದ್ದು ಇಡೀ ಊರಿಗೆ ಗೊತ್ತಾಗುತ್ತದೆ. ಚಲನೆ ಮೊದಲೇ ನಿಶ್ಚಿತ, ಅದನ್ನು ಕಾಯುವವರು ಮೇಳದವರು ಹತ್ತಾರು ಮಂದಿ, ಮೀರಿದ್ದು ತಕ್ಷಣ ಬಯಲು: ಇಂದಿನ ಆಪ್ತ ದೃಶ್ಯ ಸಂಯೋಜಕರು ಚಿತ್ರೀಕರಣದಲ್ಲಿ ಕಷ್ಟಪಟ್ಟು ಸಾಧಿಸುವ ಈ ಮೂರೂ ಸಣ್ಣಾಟದಲ್ಲಿ ಸಂಪ್ರದಾಯವಾಗಿಯೇ ಇದ್ದವು.

ಗೋಕಾಕ ಸೀಮೆಯ ಕುಲಗೋಡಿನ ತಮ್ಮಣ್ಣನ ಹೆಸರಿನೊಂದಿಗೆ ಬೆಸೆದಿರುವ ಶ್ರೀಕೃಷ್ಣ ಪಾರಿಜಾತವೂ ಇದೇ ಜಾಡಿನದು. ಸತ್ಯಭಾಮೆಯ ವಿರಹ, ಮುನಿಸು, ಕೃಷ್ಣನ ಓಲೈಕೆ ಇವುಗಳ ನಡುವೆ ದೂತಿ ಬಂದು ನಗಿಸುತ್ತಾಳೆ. ಇಬ್ಬರ ನಡುವಿನ ಬಿಸಿ ಏರಿದಾಗ ಮೂರನೆಯವರು ಬಂದು ಅದನ್ನು ಇಳಿಸುವ ಈ ಜಾಣ್ಮೆಗೆ ಸಿಗಬೇಕಾದಷ್ಟು ಮನ್ನಣೆ ನಾಟಕದ ಚರಿತ್ರೆಗಳಲ್ಲಿ ಸಿಕ್ಕಿಲ್ಲ.

ಹೆಣ್ಣುಸೋಗಿನಿಂದ ಹೆಣ್ಣಿಗೆ

ಬಹುಕಾಲ ಗಂಗಾ, ರಾಧೆ, ಸತ್ಯಭಾಮೆಯರ ಪಾರ್ಟು ಮಾಡುತ್ತಿದ್ದವರು ಗಂಡಸರೇ. ಸವದತ್ತಿ ತಾಲೂಕಿನ ಏಣಗಿಯಲ್ಲಿ 1914ರಲ್ಲಿ ಹುಟ್ಟಿದ ಏಣಗಿ ಬಾಳಪ್ಪನವರು ಕೂಡ ಎಳೆತನದಲ್ಲಿ ಹೆಣ್ಣು ಪಾತ್ರಗಳಿಂದಲೇ ಹೆಸರು ಗಳಿಸಿದರು. ಮುಂದೆ ಕಲಾವೈಭವ ನಾಟ್ಯ ಸಂಘವನ್ನು ಕಟ್ಟಿ, ಬಸವಣ್ಣನ ಪಾತ್ರದಿಂದ ನಾಡಿನ ಮನೆಮಾತಾಗಿ, ನೂರು ದಾಟಿ ಬದುಕಿ 2017ರ ಆಗಸ್ಟಿನಲ್ಲಿ ತೀರಿಕೊಂಡರು. ಗಡಿಯಾಚೆಯ ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರು ಹೆಣ್ಣು ಪಾತ್ರಕ್ಕೆ ತಂದ ಘನತೆ ಬೆಳಗಾವಿ ಸೀಮೆಯ ಕಂಪನಿಗಳ ಮೇಲೂ ಪರಿಣಾಮ ಬೀರಿತ್ತು. ಹೆಣ್ಣುಸೋಗು ಹಾಕಿದವನನ್ನು ನಾಯಕ ಮುಟ್ಟಿದರೆ ಯಾವ ಮನೆಯ ಮರ್ಯಾದೆಯೂ ಹೋಗುವುದಿಲ್ಲ ಎಂಬ ಲೆಕ್ಕಾಚಾರ ಇದರ ಹಿಂದಿತ್ತು.

ಹೆಣ್ಣುಮಕ್ಕಳು ತಾವೇ ಅಟ್ಟ ಏರಿದಾಗ ಈ ಲೆಕ್ಕ ತಲೆಕೆಳಗಾಯಿತು. ಕೌಜಲಗಿ ನಿಂಗಮ್ಮ ಪಾರಿಜಾತದಲ್ಲಿ ಪಡೆದ ಕೀರ್ತಿ ದೊಡ್ಡದು. ಬಾಳಪ್ಪನವರ ಬಾಳಸಂಗಾತಿ ಲಕ್ಷ್ಮೀಬಾಯಿ ಏಣಗಿ ಕಂಪನಿಯ ಹೆಸರಾಂತ ನಟಿಯಾದರು. ಕಲೆಗೆ ಸಿಕ್ಕ ಈ ಗೌರವ ನಟಿಯ ಬದುಕಿಗೆ ಸಿಕ್ಕಿತೆಂದು ಮಾತ್ರ ಹೇಳಲಾಗದು. ಅಂದು ರಂಗಕ್ಕೆ ಬಂದ ಹೆಂಗಸರಲ್ಲಿ ಅನೇಕರು ದೇವದಾಸಿ ಮನೆತನದವರು. ಸವದತ್ತಿ ಯಲ್ಲಮ್ಮನ ಹೆಸರಿನಲ್ಲೂ ನಡೆಯುತ್ತಿದ್ದ, ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವ ಆ ಪದ್ಧತಿಯನ್ನು ಕರ್ನಾಟಕ ಕಾಯ್ದೆಯಿಂದ ನಿಷೇಧಿಸಿದ್ದು 1982ರಲ್ಲಿ. ಅಟ್ಟದ ಮೇಲೆ ಪ್ರೇಮವನ್ನು ನಟಿಸಿದವಳು ಕೆಳಗೂ ಎಲ್ಲರಿಗೆ ಸಿಗುವವಳು ಎಂದು ಎಣಿಸುವ ಪ್ರೇಕ್ಷಕರಿದ್ದರು, ಮಾಲೀಕರೂ ಇದ್ದರು. ಸಂಪ್ರದಾಯ ಕಾಯುತ್ತಿದ್ದದ್ದು ದೃಶ್ಯದ ಮರ್ಯಾದೆಯನ್ನು, ನೋಡುವವರ ಮುಜುಗರವನ್ನು. ಆಡುವ ಹೆಣ್ಣಿನ ಒಪ್ಪಿಗೆಯನ್ನು ಕೇಳುವ ಸ್ಥಾನ ಮೇಳದಲ್ಲೂ ಇರಲಿಲ್ಲ, ಕಂಪನಿಯಲ್ಲೂ ಇರಲಿಲ್ಲ. ಹಳೆಯ ರಂಗಶಿಸ್ತನ್ನು ಎಷ್ಟೇ ಮೆಚ್ಚಿದರೂ ಈ ಕೊರತೆಯನ್ನು ಮರೆಯುವುದು ನ್ಯಾಯವಲ್ಲ. ಇಂದಿನ ಸಂಯೋಜನೆ ಹುಟ್ಟಿದ್ದೇ ಈ ಖಾಲಿ ಜಾಗವನ್ನು ತುಂಬಲು.

ಕ್ಯಾಮೆರಾ ತಂದ ಬದಲಾವಣೆ

ಚಲನಚಿತ್ರ ಮೊದಮೊದಲು ಹಾಡಿನ ಆಸರೆಯನ್ನು ಬಿಡಲಿಲ್ಲ. ಬಿ. ಆರ್. ಪಂತುಲು ನಿರ್ದೇಶಿಸಿ, ಬಿ. ಸರೋಜಾದೇವಿ ರಾಣಿಯಾಗಿ ನಟಿಸಿದ 1961ರ ‘ಕಿತ್ತೂರು ಚೆನ್ನಮ್ಮ’ದ ಕಾಲದಲ್ಲಿ ನಾಯಕ ನಾಯಕಿಯರ ಸಮೀಪದ ಗಳಿಗೆಯನ್ನು ಹೂವು, ಹಕ್ಕಿ, ಹಾಡುಗಳೇ ಹೇಳುತ್ತಿದ್ದವು. ಆದರೆ ಹತ್ತಿರದ ಶಾಟ್ ಬಂದಾಗ ಹತ್ತು ಮಾರು ದೂರದ ಪ್ರೇಕ್ಷಕ ಮುಖದ ಮುಂದೆಯೇ ಬಂದು ಕೂತಂತಾಯಿತು. ಸೆರಗಿನ ಅಂಚಿನಿಂದ ಸೂಚಿಸಿದರೆ ಸಾಲದು, ಕೈ ಎಲ್ಲಿದೆ ಎಂಬುದು ಕಾಣಬೇಕು. ಹಿಮ್ಮೇಳವೂ ಇಲ್ಲ, ಮೀರಿದ್ದನ್ನು ಕಂಡು ಗದ್ದಲ ಮಾಡುವ ಊರೂ ಇಲ್ಲ. ಅದೇ ಮುಟ್ಟುವಿಕೆಯನ್ನು ಬೇರೆ ಬೇರೆ ಕೋನಗಳಿಂದ ಹತ್ತು ಸಲ ಮಾಡಬೇಕು. ಸಣ್ಣಾಟದ ತಪ್ಪು ಆ ರಾತ್ರಿಗೆ ಮುಗಿಯುತ್ತಿತ್ತು, ಕ್ಯಾಮೆರಾದಲ್ಲಿ ಹಿಡಿದದ್ದು ಉಳಿಯುತ್ತದೆ, ಇಂದಿನ ದಿನಗಳಲ್ಲಂತೂ ತುಣುಕಾಗಿ ಕತ್ತರಿಸಿಕೊಂಡು ಮೊಬೈಲಿನಿಂದ ಮೊಬೈಲಿಗೆ ಹೋಗುತ್ತದೆ.

ವೃತ್ತಿಯ ಹುಟ್ಟು ಮತ್ತು ಕೆಲಸದ ಬಗೆ

ಟೋನಿಯಾ ಸೀನಾ, ಅಲಿಸಿಯಾ ರೋಡಿಸ್, ಶಿವಾನ್ ರಿಚರ್ಡ್‌ಸನ್ ಸೇರಿ 2016ರಲ್ಲಿ ಇಂಟಿಮಸಿ ಡೈರೆಕ್ಟರ್ಸ್ ಇಂಟರ್‌ನ್ಯಾಷನಲ್ ಸಂಸ್ಥೆಯನ್ನು ಆರಂಭಿಸಿದರು. ‘ದ ಡ್ಯೂಸ್’ ಧಾರಾವಾಹಿಯ ನಟಿ ಎಮಿಲಿ ಮೀಡ್ ಕೇಳಿಕೊಂಡದ್ದರಿಂದ ಎಚ್‌ಬಿಒ ವಾಹಿನಿ ರೋಡಿಸ್ ಅವರನ್ನು ನೇಮಿಸಿತು. 2018ರಲ್ಲಿ, ತನ್ನ ಇಂಥ ದೃಶ್ಯಗಳಿರುವ ಎಲ್ಲ ಧಾರಾವಾಹಿಗಳಿಗೂ ಸಂಯೋಜಕರು ಇರುತ್ತಾರೆಂದು ಸಾರಿತು. ಬ್ರಿಟನ್ನಿನ ಇಟಾ ಒಬ್ರಿಯನ್ ‘ಸೆಕ್ಸ್ ಎಜುಕೇಷನ್’ (2019), ‘ನಾರ್ಮಲ್ ಪೀಪಲ್’ (2020) ಧಾರಾವಾಹಿಗಳಲ್ಲಿ ಮಾಡಿದ ಕೆಲಸ ಈ ವೃತ್ತಿಯನ್ನು ಪ್ರೇಕ್ಷಕರಿಗೂ ಪರಿಚಯಿಸಿತು. ಅಮೆರಿಕದ ಕಲಾವಿದರ ಸಂಘ ಸ್ಯಾಗ್-ಆಫ್ಟ್ರಾ 2020ರಲ್ಲಿ ಮಾರ್ಗಸೂಚಿ ಪ್ರಕಟಿಸಿತು. ಭಾರತದಲ್ಲಿ ತರಬೇತಿ ಪಡೆದು ಈ ಕೆಲಸಕ್ಕಿಳಿದ ಮೊದಲಿಗರಲ್ಲಿ ಆಸ್ಥಾ ಖನ್ನಾ ಒಬ್ಬರು. 2022ರ ಹಿಂದಿ ಚಿತ್ರ ‘ಗೆಹರಾಯಿಯಾಂ’ನಲ್ಲಿ ದಾರ್ ಗಾಯ್ ಅವರ ಹೆಸರು ಇದೇ ಹೊಣೆಗೆ ಕಾಣಿಸಿಕೊಂಡಿತು.

ಕೆಲಸ ಶುರುವಾಗುವುದು ಕಾಗದದ ಮೇಲೆ. ಚಿತ್ರಕಥೆಯಲ್ಲಿ “ಇಬ್ಬರೂ ಒಂದಾಗುತ್ತಾರೆ” ಎಂದು ಒಂದೇ ಸಾಲು ಇರುತ್ತದೆ. ಆ ಸಾಲಿನಲ್ಲಿ ತೆರೆಯ ಮೇಲೆ ಏನು ಕಾಣಬೇಕೆಂದು ಸಂಯೋಜಕರು ನಿರ್ದೇಶಕರನ್ನು ಕೇಳಿ ಬಿಡಿಸಿಕೊಳ್ಳುತ್ತಾರೆ. ಆಮೇಲೆ ಕಲಾವಿದರನ್ನು ಒಬ್ಬೊಬ್ಬರನ್ನಾಗಿ, ನಿರ್ದೇಶಕರಿಲ್ಲದ ಕಡೆ ಕಂಡು ಮಾತಾಡುತ್ತಾರೆ. ಎಲ್ಲಿ ಮುಟ್ಟಬಹುದು, ಎಲ್ಲಿ ಕೂಡದು, ಏನನ್ನು ತೋರಿಸಲು ಒಪ್ಪಿಗೆ ಇದೆ ಎಂಬುದು ಬರಹದಲ್ಲಿ ಒಪ್ಪಂದದ ಭಾಗವಾಗುತ್ತದೆ. ಬೇರೆ ಬೇರೆಯಾಗಿ ಕೇಳುವುದು ಇಲ್ಲಿ ಮುಖ್ಯ. ಅವಕಾಶ ಕೈತಪ್ಪೀತೆಂಬ ಅಂಜಿಕೆಯಲ್ಲಿರುವ ಹೊಸ ನಟಿ, ಅಥವಾ ಹೊಸ ನಟ, ದೊಡ್ಡವರ ಎದುರಿಗೆ ಹೂಂ ಎನ್ನುವುದಕ್ಕೆ ಒಪ್ಪಿಗೆ ಎಂದು ಹೆಸರಿಡಲಾಗದು.

ತಾಲೀಮಿನಲ್ಲಿ ದೃಶ್ಯವನ್ನು ಎಣಿಕೆಗಳಾಗಿ ಒಡೆಯುತ್ತಾರೆ. ಉಸಿರು, ನೋಟ, ಕೈ ಭುಜಕ್ಕೆ, ಎರಡು ಎಣಿಕೆಯ ತಡೆ, ತಿರುವು. ಮೈಗಳ ನಡುವೆ ಕಾಣದಂತೆ ಮೆತ್ತನೆಯ ತಡೆ ಇಡುತ್ತಾರೆ, ಮೈಬಣ್ಣದ ಒಳ ಉಡುಪು ಕೊಡುತ್ತಾರೆ. ಚಿತ್ರೀಕರಣದ ಹೊತ್ತಿಗೆ ಬೇಕಾದವರ ಹೊರತು ಯಾರೂ ಒಳಗಿರುವಂತಿಲ್ಲ, ಮಾನಿಟರ್ ನೋಡುವವರೂ ಗೊತ್ತಾದವರೇ. ಯಾವ ಗಳಿಗೆಯಲ್ಲಾದರೂ ನಿಲ್ಲಿಸಲು ಒಂದು ಸಂಕೇತ ಇರುತ್ತದೆ. ನಿನ್ನೆ ಕೊಟ್ಟ ಒಪ್ಪಿಗೆಯನ್ನು ಇಂದು ಹಿಂದೆಗೆದುಕೊಳ್ಳುವ ಹಕ್ಕು ಕಲಾವಿದರಿಗಿದೆ. ಹಾಗಾದಾಗ ಅದೇ ಅರ್ಥ ಬರುವ ಬೇರೆ ಚಲನೆಯನ್ನು ಹುಡುಕಿ ಕೊಡುವುದರಲ್ಲಿ ಸಂಯೋಜಕರ ನಿಜವಾದ ಕೌಶಲ ಕಾಣುತ್ತದೆ.

ಇದು ಬರೀ ಕಾವಲಿನ ಕೆಲಸ ಎಂದುಕೊಂಡರೆ ಅರ್ಧವನ್ನೇ ಕಂಡಂತೆ. ಸಂಗ್ಯಾ ಬಾಳ್ಯಾವನ್ನು ಇಂದು ಧಾರಾವಾಹಿ ಮಾಡುವುದಾದರೆ ಸಂಯೋಜಕರು ಮೊದಲು ಕೇಳಬೇಕಾದದ್ದು ಗಂಗಾಳ ಮನಸ್ಸಿನ ಬಗ್ಗೆ. ಅವಳು ಒಲಿದಳೋ, ಮುದುಕಿಯ ಮಾತಿಗೂ ಸಿರಿವಂತನ ಒತ್ತಾಯಕ್ಕೂ ಮಣಿದಳೋ, ಒಂಟಿತನದಲ್ಲಿ ಸೋತಳೋ? ಒಲಿದಿದ್ದರೆ ಮೊದಲು ಅವಳೇ ಕೈ ಚಾಚಬಹುದು. ಮಣಿದಿದ್ದರೆ ಅವಳ ಕೈಗಳು ಸೀರೆಯ ನೆರಿಗೆಯನ್ನು ಬಿಡಲಾರವು, ದೇಹ ಹತ್ತಿರವಿದ್ದರೂ ನೋಟ ಬಾಗಿಲ ಕಡೆಗಿದ್ದೀತು. ಸಣ್ಣಾಟದಲ್ಲಿ ಈ ಪ್ರಶ್ನೆಗೆ ಗಂಗಾಳ ಹಾಡೇ ಉತ್ತರ ಹೇಳುತ್ತದೆ. ಹಾಡಿಲ್ಲದ ತೆರೆಯಲ್ಲಿ ಮುಟ್ಟುವ ಬಗೆಯೇ ಉತ್ತರ. ಸಂಯೋಜಕರಿಲ್ಲದ ಕಡೆ ಇಂಥ ತೀರ್ಮಾನ ಆಗುವುದೇ ಇಲ್ಲ. “ನೀವಿಬ್ಬರೂ ನೋಡಿಕೊಂಡು ಮಾಡಿ” ಎಂದು ಬಿಡುತ್ತಾರೆ, ದೃಶ್ಯ ಯಾವ ಕಥೆಗಾದರೂ ಅಂಟಿಸಬಹುದಾದ ಸಾಮಾನ್ಯ ಪ್ರಣಯವಾಗಿ ಬಂದು ಹೋಗುತ್ತದೆ.

ಕನ್ನಡ ಕಿರುತೆರೆಯಲ್ಲಿ

1994ರಲ್ಲಿ ಉದಯ ಟಿವಿ ಬಂದ ಮೇಲೆ, 1998ರ ‘ಮಾಯಾಮೃಗ’ದಂಥ ಯಶಸ್ಸುಗಳ ನಂತರ, ದೈನಿಕ ಧಾರಾವಾಹಿ ಕನ್ನಡದ ಮನೆಗಳ ಸಂಜೆಯನ್ನು ತುಂಬಿತು. ವಾಹಿನಿಗಳು 1995ರ ಕೇಬಲ್ ಟೆಲಿವಿಷನ್ ಕಾಯ್ದೆಯ ಕಾರ್ಯಕ್ರಮ ಸಂಹಿತೆಗೆ ಬದ್ಧ. ಮನೆಮಂದಿಯೆಲ್ಲ ಕೂತು ನೋಡುವುದರಿಂದ ಪ್ರಣಯ ಇಲ್ಲಿ ಎಡವಿ ಬಿದ್ದವಳನ್ನು ಹಿಡಿಯುವುದು, ತಾಳಿಗೆ ಕೂದಲು ಸಿಕ್ಕಿಕೊಳ್ಳುವುದು, ಮೊದಲ ರಾತ್ರಿಯ ಹಾಲಿನ ಲೋಟ ಇಷ್ಟರಲ್ಲೇ ನಡೆಯುತ್ತದೆ. ಹೀಗಿರುವಾಗ ಸಂಯೋಜಕರು ಏತಕ್ಕೆ ಎಂಬ ಮಾತು ಕೇಳಿಬರುತ್ತದೆ. ಅದೇ ಇಬ್ಬರು ಕಲಾವಿದರು ವರ್ಷಗಟ್ಟಲೆ ಗಂಡಹೆಂಡಿರಾಗಿ ನಟಿಸಬೇಕು, ದೃಶ್ಯದ ಹಾಳೆ ಹಲವು ಸಲ ಅದೇ ದಿನ ಕೈಗೆ ಬರುತ್ತದೆ, ಕಂತು ಮುಗಿಸುವ ಅವಸರ ತಾಲೀಮನ್ನು ತಿಂದುಹಾಕುತ್ತದೆ. ಸೊಂಟದ ಮೇಲಿನ ಕೈಯೊಂದು ನೂರು ಕಂತುಗಳಲ್ಲಿ ಮರಳಿ ಬಂದರೆ ಅದು ಸಣ್ಣ ವಿಷಯವಲ್ಲ. ಶುರುವಿನಲ್ಲೇ ಬರೆದಿಟ್ಟ ಒಪ್ಪಿಗೆಯ ಪಟ್ಟಿ, ನಿರ್ದೇಶಕ ಬದಲಾದರೂ ಬದಲಾಗದೆ ಉಳಿಯುವಂಥದು, ಚಲನಚಿತ್ರಕ್ಕಿಂತ ಹೆಚ್ಚಾಗಿ ಧಾರಾವಾಹಿಗೆ ಬೇಕು.

ಕನ್ನಡ ಚಿತ್ರರಂಗದಲ್ಲಿ ಈ ಪ್ರಶ್ನೆ ಬಹಿರಂಗವಾಗಿ ಎದ್ದದ್ದು 2018ರಲ್ಲಿ. ನಟಿ ಶ್ರುತಿ ಹರಿಹರನ್ ‘ವಿಸ್ಮಯ’ ಚಿತ್ರದ ಪ್ರಣಯ ದೃಶ್ಯದ ತಾಲೀಮಿನಲ್ಲಿ ಸಹನಟ ತಮ್ಮ ಒಪ್ಪಿಗೆ ಇಲ್ಲದೆ ಅಪ್ಪಿಕೊಂಡರೆಂದು ದೂರಿದರು. ನಟ ಆರೋಪವನ್ನು ಅಲ್ಲಗಳೆದರು. ಪೊಲೀಸರು 2021ರಲ್ಲಿ ಸಾಕ್ಷ್ಯ ಸಾಲದೆಂದು ‘ಬಿ’ ವರದಿ ಸಲ್ಲಿಸಿದರು. ತಾಲೀಮಿನ ಚಲನೆಗಳು ಮೊದಲೇ ಬರಹದಲ್ಲಿದ್ದು, ಹೊಣೆಗಾರ ಮೂರನೆಯವರು ಎದುರಿಗಿದ್ದರೆ ಇಬ್ಬರಿಗೂ ಆಧಾರ ಇರುತ್ತಿತ್ತು. ಈ ವ್ಯವಸ್ಥೆ ದೂರು ಕೊಡುವವರನ್ನಷ್ಟೇ ಅಲ್ಲ, ದೂರಿಗೆ ಒಳಗಾಗುವವರನ್ನೂ ರಕ್ಷಿಸುತ್ತದೆ.

ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ, ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಕಡೆಯೆಲ್ಲ ಆಂತರಿಕ ಸಮಿತಿ ಇರಬೇಕೆನ್ನುತ್ತದೆ. ಮಲಯಾಳಂ ಚಿತ್ರರಂಗದಲ್ಲಿ ಹೆಂಗಸರ ಸ್ಥಿತಿಯನ್ನು ಕುರಿತ ಕೇರಳದ ಹೇಮಾ ಸಮಿತಿಯ ವರದಿ 2024ರ ಆಗಸ್ಟಿನಲ್ಲಿ ಹೊರಬಿದ್ದ ಬೆನ್ನಿಗೇ, 2017ರಲ್ಲಿ ಹುಟ್ಟಿದ, ಕನ್ನಡ ಚಿತ್ರೋದ್ಯಮದವರ ‘ಫೈರ್’ ಸಂಘಟನೆ ಕರ್ನಾಟಕದಲ್ಲೂ ಅಂಥದೇ ಸಮಿತಿ ಬೇಕೆಂದು ಸರ್ಕಾರವನ್ನು ಕೇಳಿತು. ಆಂತರಿಕ ಸಮಿತಿಯ ಕೆಲಸ ದೂರು ಬಂದ ಮೇಲೆ ಶುರುವಾಗುತ್ತದೆ, ಸಂಯೋಜಕರ ಕೆಲಸ ದೃಶ್ಯ ಬರೆದ ದಿನವೇ. ಎರಡಕ್ಕೂ ಹಣ ಕೊಡಬೇಕಾದವರು ನಿರ್ಮಾಪಕರು ಮತ್ತು ವಾಹಿನಿಗಳು. ತಾಲೀಮಿಗೆಂದು ಅರ್ಧ ದಿನ, ಒಪ್ಪಂದದಲ್ಲಿ ಒಂದು ಪುಟ, ಪ್ರಣಯದ ದೃಶ್ಯವಿರುವ ದಿನ ಒಬ್ಬ ತರಬೇತಾದ ವ್ಯಕ್ತಿಯ ಸಂಬಳ: ದೈನಿಕ ಧಾರಾವಾಹಿಗೆ ತಗಲುವ ಹೆಚ್ಚಿನ ಖರ್ಚು ಇಷ್ಟು.