ದೂರದ ರೇಡಿಯೋ ಸಂಕೇತಗಳ ದಾಖಲೆಯಲ್ಲಿ ವಿದ್ಯುತ್ ಅಡಚಣೆ: ಪತ್ತೆ ಮತ್ತು ನಿವಾರಣೆ

ಪೀಠಿಕೆ

ಸೂರ್ಯ, ಗುರುಗ್ರಹ ಹಾಗೂ ಆಕಾಶಗಂಗೆಯಿಂದ ಭೂಮಿಯನ್ನು ತಲುಪುವ ರೇಡಿಯೋ ಅಲೆಗಳು ಅತ್ಯಂತ ಕ್ಷೀಣವಾಗಿರುತ್ತವೆ. ಇವುಗಳ ಅಧ್ಯಯನಕ್ಕಾಗಿ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಹಾಗೂ ರಾಮನ್ ಸಂಶೋಧನಾ ಸಂಸ್ಥೆಗಳು ಗೌರಿಬಿದನೂರಿನ ಬಳಿ 1976ರಲ್ಲಿ ಜಂಟಿಯಾಗಿ ರೇಡಿಯೋ ದೂರದರ್ಶಕವೊಂದನ್ನು ಆರಂಭಿಸಿದವು. 1,000 ಡೈಪೋಲ್ ಆಂಟೆನಾಗಳನ್ನು 'ಟಿ' ಆಕಾರದಲ್ಲಿ ಅಳವಡಿಸಿದ್ದ ಇದರ ಪೂರ್ವ-ಪಶ್ಚಿಮ ಬಾಹು ಸುಮಾರು 1.4 ಕಿ.ಮೀ. ಉದ್ದವಿದ್ದಿತು. ಇದರ ನೆರವಿನಿಂದ 34.5 ಮೆಗಾಹರ್ಟ್ಸ್ ಕಂಪನಾಂಕದಲ್ಲಿ ಸಿದ್ಧಪಡಿಸಲಾದ ಆಕಾಶದ ನಕ್ಷೆ 1990ರಲ್ಲಿ ಪ್ರಕಟವಾಯಿತು. ನಗರದಿಂದ ದೂರವಿರುವ ಸ್ಥಳವನ್ನು ಆಯ್ಕೆ ಮಾಡುವುದು ಇಂತಹ ಕಾರ್ಯದ ಮೊದಲ ಅಗತ್ಯವಾಗಿರುತ್ತದೆ. ಆದರೆ ದೂರವೊಂದೇ ಸಾಲದು. ಹಳ್ಳಿಯ ಹೊಲದ ಮೇಲೂ 11 ಕೆ.ವಿ. ವಿದ್ಯುತ್ ಮಾರ್ಗ ಹಾದುಹೋಗಿರುತ್ತದೆ.

ಗುರುಗ್ರಹದ ಪ್ರಕರಣ

1955ರಲ್ಲಿ ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಬರ್ನಾರ್ಡ್ ಬರ್ಕ್ ಮತ್ತು ಕೆನೆತ್ ಫ್ರಾಂಕ್ಲಿನ್ ಎಂಬ ವಿಜ್ಞಾನಿಗಳು 22.2 ಮೆಗಾಹರ್ಟ್ಸ್‌ನಲ್ಲಿ ಆಕಾಶವನ್ನು ದಾಖಲಿಸುತ್ತಿದ್ದಾಗ ಕಾಗದದ ಸುರುಳಿಯ ಮೇಲೆ ಆಗಾಗ ಒರಟು ಗೆರೆಗಳು ಮೂಡುತ್ತಿದ್ದವು. ಸಮೀಪದಲ್ಲಿ ಸಾಗುವ ಯಾವುದೋ ವಾಹನದ ಇಗ್ನಿಷನ್ ಕಿಡಿ ಇರಬಹುದೆಂದು ಮೊದಲು ಭಾವಿಸಲಾಗಿತ್ತು. ಹಳೆಯ ಸುರುಳಿಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಈ ಗೆರೆಗಳು ಪ್ರತಿದಿನ ಸುಮಾರು ನಾಲ್ಕು ನಿಮಿಷ ಮುಂಚಿತವಾಗಿ, ಅಂದರೆ ನಕ್ಷತ್ರಗಳ ಗತಿಗೆ ಅನುಗುಣವಾಗಿ ಬರುತ್ತಿರುವುದು ತಿಳಿಯಿತು. ಅವುಗಳ ಮೂಲ ಗುರುಗ್ರಹವಾಗಿತ್ತು. ವೇಳೆಯ ನಿಖರ ನಮೂದು ಇಲ್ಲದಿದ್ದಲ್ಲಿ ಈ ಶೋಧನೆ ಕಸವೆಂದೇ ತಳ್ಳಿಹೋಗುತ್ತಿತ್ತು.

ಅಡಚಣೆಯ ಮೂಲಗಳು

ವಿದ್ಯುತ್ ಮಾರ್ಗದಲ್ಲಿ ಸಡಿಲಗೊಂಡ ಕಟ್ಟುತಂತಿ, ಬಿರುಕು ಬಿಟ್ಟ ಇನ್ಸುಲೇಟರ್, ತುಕ್ಕು ಹಿಡಿದ ಬೋಲ್ಟ್ ಇವುಗಳ ಸಂದಿನಲ್ಲಿ ಸಣ್ಣ ಕಿಡಿ ಹಾರುತ್ತಿರುತ್ತದೆ. ಭಾರತದಲ್ಲಿ ವಿದ್ಯುತ್ತಿನ ಆವರ್ತನ ಸೆಕೆಂಡಿಗೆ 50 ಆಗಿದ್ದು, ಕಿಡಿ ಪ್ರತಿ ಅರ್ಧ ಆವರ್ತಕ್ಕೂ ಏಳುವುದರಿಂದ ದಾಖಲೆಯಲ್ಲಿ 10 ಮಿಲಿಸೆಕೆಂಡಿಗೊಮ್ಮೆ ಗುಂಪಾಗಿ ಸ್ಪಂದನಗಳು ಕಾಣುತ್ತವೆ. ಈ ಬಗೆಯ ಸದ್ದು ಒಣ ಹವೆಯಲ್ಲಿ, ಗಾಳಿ ಬೀಸುವಾಗ ಹೆಚ್ಚಾಗಿ, ಮಳೆ ಬಿದ್ದೊಡನೆ ಸಾಮಾನ್ಯವಾಗಿ ಅಡಗುತ್ತದೆ. ನೀರಾವರಿ ಪಂಪ್‌ಸೆಟ್‌ಗಳಿಗೆ ತ್ರೀ ಫೇಸ್ ವಿದ್ಯುತ್ ನೀಡುವ ವೇಳೆಯಲ್ಲಿ ಮಾತ್ರ ಕೇಳಿಬರುವ ಸದ್ದು ಆಕಾಶದ್ದಲ್ಲವೆಂದು ಸುಲಭವಾಗಿ ಹೇಳಬಹುದು.

ಮನೆಯೊಳಗಿನ ಮೂಲಗಳು ಬೇರೆ ಬಗೆಯವು. ಮೊಬೈಲ್ ಚಾರ್ಜರ್, ಎಲ್‌ಇಡಿ ದೀಪ, ಯುಪಿಎಸ್, ಸೌರ ಇನ್ವರ್ಟರ್ ಮುಂತಾದವುಗಳಲ್ಲಿ ವಿದ್ಯುತ್ತನ್ನು ಅತಿ ವೇಗವಾಗಿ ಸ್ವಿಚ್ ಮಾಡುವ ಮಂಡಲಗಳಿದ್ದು, ಅಗ್ಗದ ಸಾಧನಗಳಲ್ಲಿ ಶೋಧಕ ಬಿಡಿಭಾಗಗಳನ್ನು ಕೈಬಿಟ್ಟಿರುವುದೂ ಉಂಟು.

ಪತ್ತೆ ಮಾಡುವ ವಿಧಾನ

ಮೊದಲು ರಿಸೀವರನ್ನು ಬ್ಯಾಟರಿಯಿಂದ ನಡೆಸಿ, ಮನೆಯ ಮೇನ್ ಸ್ವಿಚ್ ಆರಿಸಬೇಕು. ಸದ್ದು ನಿಂತಲ್ಲಿ ಮೂಲ ಮನೆಯೊಳಗಿದೆ ಎಂದರ್ಥ. ಅನಂತರ ಉಪಕರಣಗಳನ್ನು ಒಂದೊಂದಾಗಿ ಹಾಕಿ ನೋಡತಕ್ಕದ್ದು. ಯುಪಿಎಸ್‌ಗೂ ಸ್ವಂತ ಬ್ಯಾಟರಿ ಇರುವುದರಿಂದ ಅದನ್ನು ಪ್ರತ್ಯೇಕವಾಗಿ ಆರಿಸುವುದನ್ನು ಮರೆಯಬಾರದು.

ಸದ್ದು ನಿಲ್ಲದಿದ್ದಲ್ಲಿ ಸಣ್ಣ ಮೀಡಿಯಂ ವೇವ್ ರೇಡಿಯೋವನ್ನು ಕೈಯಲ್ಲಿ ಹಿಡಿದು ಹೊರಗೆ ಹುಡುಕಬಹುದು. ಅದರೊಳಗಿನ ಫೆರೈಟ್ ಕಡ್ಡಿಯ ತುದಿ ಮೂಲದತ್ತ ತಿರುಗಿದಾಗ ಸದ್ದು ತೀರಾ ಕಡಿಮೆಯಾಗುತ್ತದೆ. ತಂತಿಯುದ್ದಕ್ಕೂ ಸದ್ದು ಹರಿಯುವುದರಿಂದ ಈ ವಿಧಾನ ಕೆಲವೊಮ್ಮೆ ದಾರಿ ತಪ್ಪಿಸುತ್ತದೆ. ಹೆಚ್ಚಿನ ಕಂಪನಾಂಕದ ಸದ್ದು ದೂರ ಸಾಗದ ಕಾರಣ, ಎಎಂ ವಿಧಾನದಲ್ಲಿ 100 ಮೆಗಾಹರ್ಟ್ಸ್‌ಗಿಂತ ಮೇಲೆ ಕೇಳಬಲ್ಲ ರಿಸೀವರ್ ಇದ್ದಲ್ಲಿ ದೋಷವಿರುವ ಕಂಬವನ್ನು ಹೆಚ್ಚು ಖಚಿತವಾಗಿ ಗುರುತಿಸಬಹುದಾಗಿದೆ. ಕಂಬಕ್ಕೆ ಸುತ್ತಿಗೆಯಿಂದ ಬಡಿದು ಅಥವಾ ಆಧಾರ ತಂತಿಯನ್ನು ಎಳೆದು ಪರೀಕ್ಷಿಸುವುದು ಪ್ರಾಣಾಪಾಯಕಾರಿ. ಯಾವ ಕಾರಣಕ್ಕೂ ಹಾಗೆ ಮಾಡಬಾರದು.

ನಿವಾರಣಾ ಕ್ರಮಗಳು

ಸಂಕೇತದೊಡನೆ ಒಮ್ಮೆ ಬೆರೆತ ಸದ್ದನ್ನು ಅನಂತರ ಪೂರ್ಣವಾಗಿ ಬೇರ್ಪಡಿಸಲಾಗದು. ಪುಣೆ ಬಳಿಯ ಖೋಡದ್‌ನಲ್ಲಿ 45 ಮೀಟರ್ ವ್ಯಾಸದ 30 ಆಂಟೆನಾಗಳನ್ನು ಹೊಂದಿರುವ ಬೃಹತ್ ಮೀಟರ್ ತರಂಗ ರೇಡಿಯೋ ದೂರದರ್ಶಕದಲ್ಲಿ, ವಿದ್ಯುತ್ ಮಾರ್ಗದ ಸ್ಪಂದನಗಳನ್ನು ಸರಾಸರಿ ತೆಗೆಯುವ ಮೊದಲೇ ಗುರುತಿಸಿ ತೆಗೆದುಹಾಕುವ ವ್ಯವಸ್ಥೆಯನ್ನು ಅಳವಡಿಸಿರುವುದು ಇದೇ ಕಾರಣಕ್ಕೆ. ಸರಾಸರಿಯ ನಂತರ ಸ್ಪಂದನವೂ ಸಂಕೇತವೂ ಒಂದೇ ಗೆರೆಯಾಗಿಬಿಡುತ್ತವೆ.

ಶಾಲಾ ಕಾಲೇಜುಗಳ ಹಾಗೂ ಹವ್ಯಾಸಿಗಳ ಮಟ್ಟದಲ್ಲಿ ಆಂಟೆನಾವನ್ನು ಕಟ್ಟಡದಿಂದ ಸಾಧ್ಯವಾದಷ್ಟು ದೂರ ಸ್ಥಾಪಿಸುವುದೇ ಅತ್ಯಂತ ಫಲಕಾರಿ ಕ್ರಮ. ಆದರೆ ಅದು ಉರುಳಿ ಬಿದ್ದರೂ ವಿದ್ಯುತ್ ತಂತಿಗೆ ತಾಗದಂತಹ ಜಾಗವಾಗಿರತಕ್ಕದ್ದು. ಮನೆಯ ಸದ್ದು ಕೇಬಲ್‌ನ ಹೊರಕವಚದ ಮೇಲೆ ಹರಿದು ಆಂಟೆನಾವನ್ನು ಸೇರುವುದನ್ನು ತಪ್ಪಿಸಲು ಕೇಬಲನ್ನು ಫೆರೈಟ್ ಉಂಗುರದ ಮೂಲಕ ಹಲವು ಬಾರಿ ಸುತ್ತಬೇಕು. ಸುತ್ತುಗಳು ಎರಡು ಪಟ್ಟಾದರೆ ಇಂಡಕ್ಟೆನ್ಸ್ ಸುಮಾರು ನಾಲ್ಕು ಪಟ್ಟಾಗುವುದರಿಂದ ಒಂದೇ ಸುತ್ತಿಗೆ ತೃಪ್ತಿಪಡುವುದು ಸರಿಯಲ್ಲ. ದಾಖಲಿಸುವ ಲ್ಯಾಪ್‌ಟಾಪನ್ನು ಬ್ಯಾಟರಿಯಿಂದ ನಡೆಸಿ, ರಿಸೀವರ್ ಮತ್ತು ಲ್ಯಾಪ್‌ಟಾಪ್ ನಡುವೆ 1:1 ಆಡಿಯೋ ಟ್ರಾನ್ಸ್‌ಫಾರ್ಮರ್ ಇರಿಸಿದಲ್ಲಿ ಭೂಸಂಪರ್ಕದ ಗುಂಯ್‌ಗುಡುವಿಕೆ ಕಡಿಮೆಯಾಗುತ್ತದೆ.

ಸಂಕೇತದ ತೀವ್ರತೆಯನ್ನು ಅಳೆಯುವ ಉದ್ದೇಶವಿದ್ದಲ್ಲಿ ರಿಸೀವರಿನ ಸ್ವಯಂಚಾಲಿತ ಗೇನ್ ನಿಯಂತ್ರಣವನ್ನು ಆರಿಸಿ, ಸಂಕುಚಿತಗೊಳಿಸದ ಕಡತದಲ್ಲಿ ದಾಖಲಿಸಬೇಕು. ಸದ್ದು ತಡೆಯುವ ನಾಯ್ಸ್ ಬ್ಲಾಂಕರ್ ಕೇಳುವುದಕ್ಕೆ ಹಿತವಾದರೂ ಅಳತೆಯನ್ನು ಕೆಡಿಸುತ್ತದೆ. ಭಾರತೀಯ ಕಾಲಮಾನದಿಂದ 5 ಗಂಟೆ 30 ನಿಮಿಷ ಕಳೆದು ಸಾರ್ವತ್ರಿಕ ಕಾಲಮಾನವನ್ನು, ಜೊತೆಗೆ ಹವಾಮಾನ ಹಾಗೂ ಆ ವೇಳೆಯ ವಿದ್ಯುತ್ ಪೂರೈಕೆಯ ಸ್ಥಿತಿಯನ್ನು ನಮೂದಿಸುವುದು ಅಗತ್ಯ. ಗುಡುಗು ಸಿಡಿಲಿನ ಸೂಚನೆ ಕಂಡೊಡನೆ ದಾಖಲೆ ನಿಲ್ಲಿಸಿ ಆಂಟೆನಾ ಕೇಬಲನ್ನು ಕಳಚಿಡತಕ್ಕದ್ದು.

ದೂರು ಸಲ್ಲಿಸುವುದು

ವಿದ್ಯುತ್ ಮಾರ್ಗದ ದೋಷವನ್ನು ವಿದ್ಯುತ್ ಸರಬರಾಜು ಕಂಪನಿಯ ಸಿಬ್ಬಂದಿಯೇ ಸರಿಪಡಿಸಬೇಕು. ಬೆಸ್ಕಾಂ ವ್ಯಾಪ್ತಿಯಲ್ಲಿ ಸಹಾಯವಾಣಿ 1912ಕ್ಕೆ ದೂರು ನೀಡಬಹುದು. ಲಿಖಿತ ದೂರನ್ನು ಸ್ಥಳೀಯ ಉಪವಿಭಾಗ ಕಚೇರಿಗೆ ಸಲ್ಲಿಸಬಹುದು. "ರೇಡಿಯೋದಲ್ಲಿ ಗದ್ದಲ" ಎಂದಷ್ಟೇ ಬರೆದ ದೂರಿನಿಂದ ಲೈನ್‌ಮನ್‌ಗೆ ಏನೂ ತಿಳಿಯುವುದಿಲ್ಲ. ಕಂಬದ ಅಥವಾ ಸಮೀಪದ ಟ್ರಾನ್ಸ್‌ಫಾರ್ಮರಿನ ಸಂಖ್ಯೆ, ಸದ್ದು ಕೇಳಿಬಂದ ದಿನಾಂಕ ಮತ್ತು ವೇಳೆ, ಮಳೆಯಲ್ಲಿ ಅದು ನಿಂತಿತೇ ಇಲ್ಲವೇ ಎಂಬ ವಿವರಗಳನ್ನು ದೂರಿನಲ್ಲಿ ಕೊಡಬೇಕು.